ಡ್ರೈ ಬ್ಯಾಗ್ ತಗೊಂಡ್ರೆ ಸಾಲದು, ಬಾಯಿ ಮೂರು ಸುತ್ತು ಸುತ್ತಬೇಕು: ದೋಣಿ ಹತ್ತುವ ಮೊದಲು ಗೊತ್ತಿರಬೇಕಾದ ವಿಷಯ

ಕುಮಟಾ: ತದಡಿಯಿಂದ ಅಘನಾಶಿನಿಗೆ ತಾರಿ ದಾಟುವವರ ಕೈಯಲ್ಲಿ ಏನೇನು ಇರ್ತದೆ ಅಂತ ಒಮ್ಮೆ ಗಮನಿಸಿ. ಒಬ್ಬರ ಕೈಯಲ್ಲಿ ಬ್ಯಾಂಕ್ ಪಾಸ್‌ಬುಕ್ಕು, ಪಹಣಿ ಪತ್ರ. ಇನ್ನೊಬ್ಬರ ಬಳಿ ಮೆಡಿಕಲ್ ಶಾಪಿನಿಂದ ತಂದ ಮಾತ್ರೆ. ಕಾಲೇಜಿಗೆ ಹೋಗುವವರ ಬೆನ್ನಿಗೆ ಬ್ಯಾಗು, ಅದರೊಳಗೆ ನೋಟ್ಸು. ಎಲ್ಲರ ಜೇಬಿನಲ್ಲೂ ಮೊಬೈಲು. ಇಷ್ಟನ್ನೂ ಕಾಪಾಡುವುದು ಬಹುತೇಕ ಒಂದು ಕ್ಯಾರಿ ಬ್ಯಾಗು, ಅದರ ಬಾಯಿಗೆ ಒಂದು ಗಂಟು.

ದಿನಾ ದಾಟುವವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ನೀರು ಶಾಂತವಾಗಿದ್ದರೆ ತೊಂದರೆಯೂ ಇಲ್ಲ. ಆದರೆ ಅಳಿವೆಯ ಕಡೆಯಿಂದ ಗಾಳಿ ಎದ್ದ ದಿನ, ಅಥವಾ ಅರ್ಧ ದಾರಿಯಲ್ಲಿ ಮಳೆ ಹೊಡೆದ ದಿನ ಗೊತ್ತಾಗ್ತದೆ. ಸಾಮಾನು ಹಾಳಾಗಲಿಕ್ಕೆ ದೋಣಿ ಮಗುಚಬೇಕು ಅಂತೇನಿಲ್ಲ. ದೋಣಿಯ ತಳದಲ್ಲಿ ಒಂದೆರಡು ಇಂಚು ನೀರು ನಿಂತಿದ್ದರೆ ಸಾಕು. ಅದರಲ್ಲಿ ಹದಿನೈದು ನಿಮಿಷ ಕೂತ ಬ್ಯಾಗಿನ ತಳ ನೆನೆದು, ಒಳಗಿನ ಕಾಗದ ಅಂಟಿಕೊಂಡು ಒಂದೇ ಮುದ್ದೆ ಆಗಿರ್ತದೆ. ದಡಕ್ಕೆ ಇಳಿದ ಮೇಲೆ ನೋಡಿದರೆ ಮೇಲ್ಭಾಗ ಒಣಗಿಯೇ ಇರ್ತದೆ, ಅದೇ ಮೋಸ.

ಮೊದಲಾದರೆ ಒದ್ದೆಯಾದ ನೋಟನ್ನು ಬಿಸಿಲಿಗೆ ಹರಡಿದರೆ ಮುಗಿಯಿತು. ಈಗ ಅಂಗಡಿಯವರ ಅರ್ಧ ವ್ಯವಹಾರ ಮೊಬೈಲಿನಲ್ಲಿ. ಯುಪಿಐ ಅದರಲ್ಲೇ, ಬ್ಯಾಂಕಿನ ಒಟಿಪಿ ಅದಕ್ಕೇ, ಡೀಲರಿಗೆ ಆರ್ಡರ್ ಹಾಕುವ ವಾಟ್ಸಾಪೂ ಅದರಲ್ಲೇ, ಕಡ ಬರೆದಿಟ್ಟ ಲೆಕ್ಕವೂ ಅದರಲ್ಲೇ. ಒಂದು ಫೋನ್ ಉಪ್ಪುನೀರು ಕುಡಿದರೆ ಹೋಗುವುದು ಫೋನಿನ ಬೆಲೆ ಮಾತ್ರ ಅಲ್ಲ. ಹೊಸ ಸಿಮ್ ತೆಗೆದು, ಬ್ಯಾಂಕ್ ಆಪ್‌ಗಳನ್ನೆಲ್ಲ ಮತ್ತೆ ಜೋಡಿಸಿಕೊಳ್ಳುವಷ್ಟರಲ್ಲಿ ಎರಡು ಮೂರು ದಿನದ ವ್ಯಾಪಾರ ಕೂತಿರ್ತದೆ.

ಇದಕ್ಕೆ ಪರಿಹಾರ ಅಂತ ಈಗ ಕರಾವಳಿಯಲ್ಲಿ ಎಲ್ಲ ಕಡೆ ಕಾಣುವುದು ಡ್ರೈ ಬ್ಯಾಗ್. ಹಳದಿ, ಕೇಸರಿ, ನೀಲಿ ಬಣ್ಣದ ಉದ್ದನೆಯ ಕೊಳವೆಯಂಥ ಚೀಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವ ಬೋಟುಗಳಲ್ಲಿ, ಗಣೇಶಗುಡಿಯ ರಾಫ್ಟಿಂಗ್‌ನಲ್ಲಿ, ಗೋಕರ್ಣದ ಬೀಚಿನಲ್ಲಿ ಪ್ರವಾಸಿಗರ ಹೆಗಲ ಮೇಲೆ ನೋಡಿಯೇ ಇರ್ತೀರಿ. ಆನ್‌ಲೈನಿನಲ್ಲಿ ಸಿಗ್ತದೆ, ಕೆಲವು ಅಂಗಡಿಗಳಲ್ಲೂ ತೂಗುಹಾಕಿರ್ತಾರೆ. ಒಳ್ಳೆಯ ವಸ್ತುವೇ. ಆದರೆ ಇದನ್ನು ಕೊಂಡವರಲ್ಲಿ ಎಷ್ಟೋ ಜನ ಬಾಯಿ ಮುಚ್ಚುವ ಕ್ರಮ ತಿಳಿಯದೆ, ದುಡ್ಡು ಕೊಟ್ಟೂ ಸಾಮಾನು ಒದ್ದೆ ಮಾಡಿಕೊಳ್ತಾರೆ.

ನೀರು ತಡೆಯುವುದು ಚೀಲ ಅಲ್ಲ, ಮಡಿಕೆ

ಡ್ರೈ ಬ್ಯಾಗಿಗೆ ಜಿಪ್ ಇಲ್ಲ, ಮುಚ್ಚಳ ಇಲ್ಲ. ಸಾಮಾನ್ಯ ಬ್ಯಾಗಿನಲ್ಲಿ ನೀರು ಒಳಗೆ ಹೋಗುವುದು ಎರಡು ದಾರಿಯಿಂದ: ಒಂದು ಜಿಪ್, ಇನ್ನೊಂದು ಹೊಲಿಗೆ. ‘ವಾಟರ್‌ಪ್ರೂಫ್’ ಅಂತ ಚೀಟಿ ಅಂಟಿಸಿದ ಶಾಲೆ ಬ್ಯಾಗು ಜೋರು ಮಳೆಯಲ್ಲಿ ಒದ್ದೆಯಾಗುವುದೂ ಇದೇ ಕಾರಣಕ್ಕೆ. ಬಟ್ಟೆ ನೀರು ತಡೆಯುತ್ತದೆ, ಸೂಜಿ ಹೋದ ಸಾವಿರಾರು ತೂತುಗಳು ತಡೆಯುವುದಿಲ್ಲ. ಡ್ರೈ ಬ್ಯಾಗಿನಲ್ಲಿ ಪಿವಿಸಿ ಲೇಪನದ ದಪ್ಪ ಬಟ್ಟೆಯ ಅಂಚುಗಳನ್ನು ಹೊಲಿಯುವುದಿಲ್ಲ, ಬಿಸಿಯಿಂದ ಕರಗಿಸಿ ಒಂದಕ್ಕೊಂದು ಬೆಸೆದಿರ್ತಾರೆ. ತೆಳ್ಳಗಿನ ನೈಲಾನ್ ಚೀಲಗಳಲ್ಲಿ ಹೊಲಿಗೆ ಇದ್ದರೂ ಅದರ ಮೇಲೆ ಒಳಗಿನಿಂದ ಟೇಪ್ ಅಂಟಿಸಿರ್ತಾರೆ.

ಹಾಗಾಗಿ ಉಳಿಯುವ ದಾರಿ ಒಂದೇ, ಮೇಲಿನ ಬಾಯಿ. ಅದನ್ನು ಮುಚ್ಚುವ ಕೆಲಸ ನಮ್ಮದು. ತಪ್ಪುವುದೂ ಅಲ್ಲೇ.

ಬಾಯಿಯ ಅಂಚಿನಲ್ಲಿ ಸ್ವಲ್ಪ ಗಟ್ಟಿಯಾದ ಪಟ್ಟಿ ಇರ್ತದೆ. ಮೊದಲು ಎರಡೂ ಬದಿಯ ಪಟ್ಟಿಯನ್ನು ಸರಿಯಾಗಿ ಒಂದರ ಮೇಲೊಂದು ಕೂರಿಸಬೇಕು, ಮಧ್ಯೆ ಸುಕ್ಕು ಇರಬಾರದು. ಆಮೇಲೆ ಚೀಲವನ್ನು ಮೆಲ್ಲಗೆ ಅವುಚಿ ಒಳಗಿನ ಹೆಚ್ಚಿನ ಗಾಳಿ ಹೊರಗೆ ಬಿಡಬೇಕು. ನಂತರ ಪಟ್ಟಿಯನ್ನು ಹಿಡಿದು, ಚಾಪೆ ಸುತ್ತಿದ ಹಾಗೆ, ಬಿಗಿಯಾಗಿ ಕೆಳಗೆ ಸುತ್ತುತ್ತಾ ಬರಬೇಕು. ಕಡಿಮೆ ಅಂದ್ರೆ ಮೂರು ಸುತ್ತು. ನಾಲ್ಕಾದರೆ ಇನ್ನೂ ಒಳ್ಳೆಯದು. ಸುತ್ತಿದ ಮೇಲೆ ಎರಡೂ ತುದಿಗಳನ್ನು ಬಗ್ಗಿಸಿ ಒಂದಕ್ಕೊಂದು ತಂದು ಕ್ಲಿಪ್ ಹಾಕಬೇಕು. ಕ್ಲಿಪ್ಪಿನ ಕೆಲಸ ನೀರು ತಡೆಯುವುದಲ್ಲ, ಸುತ್ತು ಬಿಚ್ಚದಂತೆ ಹಿಡಿಯುವುದು ಮಾತ್ರ. ಇದು ಗೊತ್ತಿಲ್ಲದೆ ಕೆಲವರು ಬಾಯಿಯನ್ನು ಒಂದು ಸಲ ಮಡಿಸಿ ಟಪ್ ಅಂತ ಕ್ಲಿಪ್ ಹಾಕಿ ಬಿಡ್ತಾರೆ. ಮೇಲಿಂದ ಮಳೆ ಬಿದ್ದರೆ ಅಷ್ಟು ಸಾಕಾಗಬಹುದು. ಚೀಲ ಅಡ್ಡ ಬಿದ್ದು ನೀರಿನಲ್ಲಿ ಕೂತರೆ ಸಾಕಾಗುವುದಿಲ್ಲ.

ಯಾಕೆ ಮೂರು ಸುತ್ತು? ನೀರು ಒಳಗೆ ಬರಬೇಕಾದರೆ ಪಟ್ಟಿಯ ನಡುವಿನ ಸಣ್ಣ ಸಂದಿನಲ್ಲಿ ನುಗ್ಗಿ, ಪ್ರತಿ ಸುತ್ತಿನಲ್ಲೂ ತಿರುಗಿ ಬರಬೇಕು. ಸುತ್ತು ಬಿಗಿಯಾದಷ್ಟೂ ಆ ದಾರಿ ಉದ್ದವಾಗ್ತದೆ, ಕಿರಿದಾಗ್ತದೆ. ಒಂದು ಸುತ್ತಿನಲ್ಲಿ ದಾರಿ ಗೇಣುದ್ದವೂ ಇರುವುದಿಲ್ಲ, ಜೊತೆಗೆ ತುದಿಯಲ್ಲಿ ಬಾಯಿ ತೆರೆದುಕೊಳ್ತದೆ.

ಇಲ್ಲಿ ಇನ್ನೊಂದು ಲೆಕ್ಕ ಬರ್ತದೆ. ಮೂರು ಸುತ್ತು ಸುತ್ತಬೇಕಾದರೆ ಸುತ್ತಲಿಕ್ಕೆ ಜಾಗ ಬೇಕು. 10 ಲೀಟರ್ ಅಂತ ಬರೆದ ಚೀಲದಲ್ಲಿ 10 ಲೀಟರ್ ಸಾಮಾನು ತುಂಬಿದರೆ ಸುತ್ತುವುದು ಏನನ್ನು? ಅಂಗಡಿಯಲ್ಲಿ ಅಕ್ಕಿ ಚೀಲದ ಬಾಯಿ ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕಂಠದ ತನಕ ತುಂಬಿದ ಚೀಲಕ್ಕೆ ಗಂಟು ಕೂರುವುದಿಲ್ಲ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. 10 ಲೀಟರ್ ಸಾಮಾನು ಇದ್ದರೆ 15 ಅಥವಾ 20 ಲೀಟರಿನ ಚೀಲವೇ ಬೇಕು. ಮರಳುವಾಗ ಒದ್ದೆ ಬಟ್ಟೆ, ಮಕ್ಕಳ ಚಪ್ಪಲಿ, ಬಂದರಿನಲ್ಲಿ ತಗೊಂಡ ಒಣಮೀನು ಎಲ್ಲ ಸೇರಿ ಸಾಮಾನು ಹೆಚ್ಚಾಗಿಯೇ ಇರ್ತದೆ. ಹೋಗುವಾಗ ಸರಿಯಾಗಿ ಮುಚ್ಚಿದ ಚೀಲ ಬರುವಾಗ ಸೋರುವುದು ಹೆಚ್ಚಾಗಿ ಇದರಿಂದ.

ಮತ್ತೊಂದು, ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಶತ್ರು: ಮರಳು. ಬೀಚಿನ ಮೇಲೆ ಚೀಲ ಬಿಚ್ಚಿ ಮುಚ್ಚುವಾಗ ಪಟ್ಟಿಯ ನಡುವೆ ನಾಲ್ಕು ಕಾಳು ಮರಳು ಕೂತರೆ ಎರಡು ಬದಿ ಸರಿಯಾಗಿ ಅಂಟುವುದಿಲ್ಲ. ಆ ಸಣ್ಣ ಸಂದಿನಿಂದ ನೀರು ದಾರಿ ಮಾಡಿಕೊಳ್ತದೆ. ಸುತ್ತುವ ಮೊದಲು ಬಾಯಿಯ ಒಳಬದಿಯನ್ನು ಒಮ್ಮೆ ಬೆರಳಿನಿಂದಲೋ ಬಟ್ಟೆಯಿಂದಲೋ ಒರೆಸಿ. ಐದು ಸೆಕೆಂಡಿನ ಕೆಲಸ.

ಪಂಕ್ಚರ್ ಅಂಗಡಿಯ ಪರೀಕ್ಷೆ

ಹೊಸ ಚೀಲವನ್ನು ನಂಬಿ ನೇರವಾಗಿ ದೋಣಿಗೆ ಒಯ್ಯಬೇಡಿ. ಪಂಕ್ಚರ್ ಹಾಕುವವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರ್ತದೆ ನೋಡ್ತಾರಲ್ಲ, ಇದೂ ಹಾಗೇ. ಖಾಲಿ ಚೀಲದಲ್ಲಿ ಗಾಳಿ ಉಳಿಸಿಕೊಂಡೇ ಬಾಯಿ ಮೂರು ಸುತ್ತು ಸುತ್ತಿ ಕ್ಲಿಪ್ ಹಾಕಿ. ಬಾಲ್ದಿ ನೀರಿನಲ್ಲಿ ಒತ್ತಿ ಹಿಡಿಯಿರಿ. ಮೂಲೆಯಿಂದಲೋ ಅಂಚಿನಿಂದಲೋ ಗುಳ್ಳೆ ಸಾಲಾಗಿ ಎದ್ದರೆ ಅಲ್ಲಿ ತೂತು ಇದೆ ಅಂತಲೇ ಅರ್ಥ. ಬಾಯಿಯಿಂದ ಗುಳ್ಳೆ ಬಂದರೆ ಚೀಲದ ತಪ್ಪಲ್ಲ, ಮತ್ತೊಮ್ಮೆ ಬಿಗಿಯಾಗಿ ಸುತ್ತಿ ನೋಡಿ.

ಇನ್ನೊಂದು ವಿಧಾನ, ಹಳೆಯ ದಿನಪತ್ರಿಕೆಯ ಹಾಳೆ ಒಳಗೆ ಹಾಕಿ ಮುಚ್ಚಿ ಐದು ನಿಮಿಷ ನೀರಿನಲ್ಲಿ ಉರುಳಾಡಿಸುವುದು. ಹೊರತೆಗೆದು, ಚೀಲದ ಹೊರಗನ್ನು ಚೆನ್ನಾಗಿ ಒರೆಸಿ, ಆಮೇಲೆ ಬಿಚ್ಚಿ. ಕಾಗದ ಒಣಗಿದ್ದರೆ ಪಾಸು. ಒರೆಸದೇ ಬಿಚ್ಚಿದರೆ ಅಂಚಿನ ಮೇಲೆ ನಿಂತ ನೀರೇ ಒಳಗೆ ಸುರಿದು, ಒಳ್ಳೆಯ ಚೀಲವೂ ಫೇಲಾಗ್ತದೆ.

ಈ ಕೊನೆಯ ಮಾತು ದೋಣಿಯಲ್ಲೂ ನೆನಪಿರಬೇಕು. ಮುಚ್ಚಿದ ಚೀಲಕ್ಕಿಂತ ತೆರೆದ ಚೀಲಕ್ಕೆ ಅಪಾಯ ಹೆಚ್ಚು. ನಡುನೀರಿನಲ್ಲಿ ಫೋನ್ ರಿಂಗಾಯಿತು ಅಂತ ಒದ್ದೆ ಕೈಯಲ್ಲಿ ಚೀಲ ಬಿಚ್ಚುವುದು, ಫೋಟೋ ತೆಗೆಯಲು ಮತ್ತೆ ಬಿಚ್ಚುವುದು, ಅವಸರದಲ್ಲಿ ಒಂದೇ ಸುತ್ತು ಸುತ್ತಿ ಇಡುವುದು. ಪದೇ ಪದೇ ಬೇಕಾಗುವ ವಸ್ತುವಿಗೆ ಸಣ್ಣದೊಂದು ಬೇರೆ ಚೀಲ ಇಟ್ಟುಕೊಳ್ಳುವುದು ಒಳ್ಳೆಯದು. ಪಾಸ್‌ಬುಕ್ಕು, ಆಧಾರ್, ಒಣಬಟ್ಟೆ ಇರುವ ದೊಡ್ಡ ಚೀಲವನ್ನು ದಡ ಮುಟ್ಟುವ ತನಕ ಮುಟ್ಟಬಾರದು.

ಎಷ್ಟರ ಮಟ್ಟಿಗೆ ನಂಬಬಹುದು

ಬಾಯಿ ಸುತ್ತುವ ಡ್ರೈ ಬ್ಯಾಗು ಮಳೆಗೆ, ತೆರೆಯ ಎರಚಿಗೆ, ದೋಣಿಯ ತಳದ ನೀರಿಗೆ, ಒಮ್ಮೆ ಕೈಜಾರಿ ನೀರಿಗೆ ಬಿದ್ದು ತೇಲಿದರೆ ಅದಕ್ಕೆ, ಇಷ್ಟಕ್ಕೆ ಮಾಡಿದ್ದು. ನೀರಿನಡಿಯಲ್ಲಿ ಮುಳುಗಿಸಿ ಇಡಲಿಕ್ಕೆ ಮಾಡಿದ್ದಲ್ಲ. ಆಳ ಹೆಚ್ಚಾದಂತೆ ನೀರಿನ ಒತ್ತಡ ಹೆಚ್ಚಾಗ್ತದೆ, ಸುತ್ತಿನ ಸಂದಿನಲ್ಲಿ ನೀರನ್ನು ತಳ್ಳಿಯೇ ತಳ್ತದೆ. ಹಾಗಾಗಿ ಫೋನು, ಕ್ಯಾಮೆರಾ, ಪವರ್ ಬ್ಯಾಂಕ್, ಬೈಕಿನ ರಿಮೋಟ್ ಕೀ ಇಂಥವನ್ನು ಡ್ರೈ ಬ್ಯಾಗಿನೊಳಗೆ ಮತ್ತೊಂದು ಜಿಪ್‌ಲಾಕ್ ಕವರಿನಲ್ಲಿ ಹಾಕಿ ಇಡಬೇಕು. ಎರಡು ಪದರ ಇದ್ದರೆ ಒಂದು ತಪ್ಪಿದರೂ ಇನ್ನೊಂದು ಉಳಿಸ್ತದೆ.

“ನಮ್ಮ ಫೋನೇ ವಾಟರ್‌ಪ್ರೂಫ್, ಚೀಲ ಎಂತಕ್ಕೆ?” ಅನ್ನುವವರೂ ಇದ್ದಾರೆ. ಫೋನಿನ ಡಬ್ಬದ ಮೇಲೆ ಐಪಿ67 ಅಂತ ಇದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅರ್ಥ. ಐಪಿ68 ಇದ್ದರೆ ಇನ್ನೂ ಹೆಚ್ಚು, ಎಷ್ಟು ಅಂತ ಕಂಪನಿಯೇ ಹೇಳಿರ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಒಮ್ಮೆ ಕೆಳಗೆ ಬಿದ್ದು ಗ್ಲಾಸ್ ಬದಲಾಯಿಸಿದ ಫೋನು ಹಾಗೆ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಉಪ್ಪುನೀರು ಬೇರೆಯೇ ಕಥೆ. ನೀರು ಆರಿದರೂ ಉಪ್ಪು ಉಳಿದು, ಚಾರ್ಜಿಂಗ್ ಜಾಗದ ಲೋಹವನ್ನು ತಿನ್ನುತ್ತಾ ಹೋಗ್ತದೆ. ನೀರಿನಿಂದ ಹಾಳಾದ ಫೋನಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಕುತ್ತಿಗೆಗೆ ನೇತುಹಾಕುವ ಪಾರದರ್ಶಕ ಮೊಬೈಲ್ ಪೌಚ್ ಬಗ್ಗೆಯೂ ಒಂದು ಮಾತು. ಅಂಗಡಿಗಳಲ್ಲಿ ಡ್ರೈ ಬ್ಯಾಗಿಗಿಂತ ಇದೇ ಜಾಸ್ತಿ ಖರ್ಚಾಗ್ತದೆ, ಯಾಕಂದ್ರೆ ಕಡಿಮೆ ಬೆಲೆ, ಒಳಗಿಟ್ಟೇ ಫೋಟೋ ತೆಗೆಯಬಹುದು. ತಾರಿಯಲ್ಲಿ, ಹಿನ್ನೀರಿನ ನಿಧಾನದ ದೋಣಿಯಲ್ಲಿ ಇದು ಸಾಕು. ರಾಫ್ಟಿಂಗ್‌ನಲ್ಲಿ ಮಾತ್ರ ಕುತ್ತಿಗೆಯಲ್ಲಿ ದಾರ ಇರಕೂಡದು. ನೀರಿಗೆ ಬಿದ್ದಾಗ ಅದು ಹುಟ್ಟಿಗೋ, ಹಗ್ಗಕ್ಕೋ, ಮರದ ಬೇರಿಗೋ ಸಿಕ್ಕಿಕೊಂಡರೆ ಉಸಿರಿಗೇ ಸಂಚಕಾರ.

ಒಳಗೆ ಹನಿ ಕಂಡರೆ ಸೋರಿದೆ ಅಂತಲ್ಲ

ಡ್ರೈ ಬ್ಯಾಗ್ ಕೊಂಡವರ ಒಂದು ಸಾಮಾನ್ಯ ದೂರು: “ಸರಿಯಾಗಿಯೇ ಮುಚ್ಚಿದ್ದೆ, ಆದರೂ ಒಳಗೆ ಹನಿ.” ಹಲವು ಸಲ ಅದು ಸೋರಿದ್ದೇ ಅಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಬಿಸಿಲಿನಲ್ಲಿ ನಿಂತು ಚೀಲ ಮುಚ್ಚಿದರೆ ಆ ಸೆಕೆಯ ಗಾಳಿಯೂ ಒಳಗೇ ಬಂದಿ. ಆಮೇಲೆ ಚೀಲ ತಣ್ಣನೆಯ ನೀರಿಗೆ ತಾಗಿದಾಗ ಒಳಗೋಡೆಯ ಮೇಲೆ ಬೆವರಿದಂತೆ ಹನಿ ಕೂರ್ತದೆ. ಫ್ರಿಜ್ಜಿನಿಂದ ತೆಗೆದ ಸೋಡಾ ಬಾಟಲಿಯ ಹೊರಗೆ ನೀರು ಕೂರುವ ಹಾಗೆಯೇ, ಇದು ಒಳಮುಖ ಅಷ್ಟೇ. ಒಂದು ಒದ್ದೆ ಟವೆಲನ್ನು ಜೊತೆಗೆ ಹಾಕಿದ್ದರಂತೂ ಕೇಳುವುದೇ ಬೇಡ. ನೀರನ್ನು ಹೊರಗೆ ತಡೆಯುವ ಚೀಲ ಒಳಗಿನ ನೀರನ್ನೂ ಅಷ್ಟೇ ನಿಷ್ಠೆಯಿಂದ ಒಳಗೇ ಇಟ್ಟುಕೊಳ್ತದೆ.

ಸಮುದ್ರದಲ್ಲಿ, ಅಳಿವೆಯಲ್ಲಿ ಇದನ್ನು ಪತ್ತೆ ಮಾಡಲು ಸುಲಭ ಉಪಾಯ ಇದೆ. ಒಳಗಿನ ಹನಿಯನ್ನು ಬೆರಳಿನಲ್ಲಿ ತೆಗೆದು ನಾಲಿಗೆಗೆ ತಾಗಿಸಿ. ಉಪ್ಪಾಗಿದ್ದರೆ ಸೋರಿದೆ. ಸಪ್ಪೆ ಇದ್ದರೆ ಬೆವರಿದ ಹನಿ. ಹೊಸ ಚಪ್ಪಲಿ, ಔಷಧಿ ಡಬ್ಬಿಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಎರಡು ಮೂರು ಒಳಗೆ ಹಾಕಿಟ್ಟರೆ ಸ್ವಲ್ಪ ತೇವ ಎಳೆದುಕೊಳ್ತದೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಬಿಸಿಲಿನ ವಿಷಯವೂ ಇದೆ. ಕಪ್ಪು ಅಥವಾ ಗಾಢ ನೀಲಿ ಬಣ್ಣದ ಚೀಲವನ್ನು ಬೋಟಿನ ಮೇಲೆ ಬಿಸಿಲಿಗೆ ಇಟ್ಟರೆ ಒಳಗೆ ಒಲೆ. ಫೋನು ಬಿಸಿಯಾಗಿ ಆಫ್ ಆಗಬಹುದು. ಶುಗರ್ ಇರುವವರು ಇನ್ಸುಲಿನ್ ಒಯ್ಯುವುದಾದರೆ ಅದನ್ನು ಬಿಸಿಲಿನ ಚೀಲದಲ್ಲಿ ಇಡಲೇಬಾರದು, ಬಿಸಿಗೆ ಅದರ ಶಕ್ತಿ ಹೋಗ್ತದೆ. ನೆರಳಿನಲ್ಲಿ ಇಡಿ, ಮೇಲೆ ಒಂದು ತಿಳಿಬಣ್ಣದ ಬಟ್ಟೆ ಹಾಕಿ. ಇನ್ನು ಚಾಕು, ಕೀಗೊಂಚಲು, ಛತ್ರಿ ಕಡ್ಡಿ ಇಂಥ ಚೂಪು ವಸ್ತುಗಳನ್ನು ಟವೆಲಿನಲ್ಲಿ ಸುತ್ತಿ ನಡುವೆ ಇಟ್ಟರೆ ಸಾಕು.

ಚೀಲ ತೇಲಬೇಕೇ, ಕಟ್ಟಬೇಕೇ?

ತೇಲುವುದರ ಲೆಕ್ಕ ಸುಲಭ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಮುಚ್ಚಿದ ಮೇಲೆ 8 ಲೀಟರಿನಷ್ಟು ಉಬ್ಬಿರುವ ಚೀಲದ ಒಟ್ಟು ತೂಕ 8 ಕಿಲೋಗಿಂತ ಕಡಿಮೆ ಇದ್ದರೆ ಅದು ತೇಲ್ತದೆ. ಬಟ್ಟೆ, ಕಾಗದ, ಫೋನು ಇರುವ ಚೀಲ ಆರಾಮಾಗಿ ತೇಲ್ತದೆ. ಗಾಳಿಯನ್ನೆಲ್ಲ ಹಿಂಡಿ ತೆಗೆದು, ಒಳಗೆ ಸ್ಪ್ಯಾನರು, ಮೀನಿನ ಬಲೆಯ ಸೀಸದ ಗುಂಡು ಇಟ್ಟರೆ ಕಲ್ಲಿನ ಹಾಗೆ ಹೋಗ್ತದೆ. ಆದ್ದರಿಂದ ದೋಣಿ ಪ್ರಯಾಣಕ್ಕೆ ಗಾಳಿ ಪೂರ್ತಿ ತೆಗೆಯಬೇಡಿ, ದಿಂಬಿನಷ್ಟು ಮೆತ್ತಗೆ ಇರಲಿ. ತೀರಾ ಉಬ್ಬಿದ ಬಲೂನೂ ಆಗಬಾರದು. ಯಾರಾದರೂ ಅದರ ಮೇಲೆ ಕೂತರೆ ಒತ್ತಡಕ್ಕೆ ಬಾಯಿಯ ಸುತ್ತು ಸಡಿಲಾಗ್ತದೆ. ಬಣ್ಣ ಆರಿಸುವಾಗ ಕೇಸರಿ, ಹಳದಿ ತಗೊಳ್ಳಿ. ನೀಲಿ, ಹಸಿರು ಚೀಲ ನೀರಿನಲ್ಲಿ ಬಿದ್ದರೆ ಹುಡುಕುವುದೇ ಕಷ್ಟ.

ಚೀಲವನ್ನು ದೋಣಿಗೆ ಕಟ್ಟಬೇಕೇ ಅನ್ನುವುದಕ್ಕೆ ಉತ್ತರ ದೋಣಿಯ ಮೇಲೆ ಹೋಗ್ತದೆ. ಪ್ರವಾಸಿ ಬೋಟಿನಲ್ಲಿ, ತಾರಿಯಲ್ಲಿ ಗಿಡ್ಡ ಹಗ್ಗದಿಂದ ಒಂದು ಕಡೆ ಕಟ್ಟಿದರೆ ಅಲೆಗೆ ಜಾರುವುದಿಲ್ಲ. ಉದ್ದ ಹಗ್ಗ, ದೊಡ್ಡ ಕುಣಿಕೆ ಬೇಡ, ಕಾಲಿಗೆ ಸಿಕ್ಕಿಕೊಳ್ತದೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗೆ ಬಿಡುವ ನೀರಿನ ಮೇಲೆ ರಾಫ್ಟಿಂಗ್ ನಡೆಯುತ್ತದೆ. ಅಲ್ಲಿ ಚೀಲವನ್ನು ಎಲ್ಲಿ, ಹೇಗೆ ಕಟ್ಟಬೇಕು ಅನ್ನುವುದನ್ನು ಗೈಡ್ ತೀರ್ಮಾನಿಸಬೇಕು, ಪ್ರಯಾಣಿಕರಲ್ಲ. ನಿಜ ಹೇಳಬೇಕೆಂದರೆ ರಾಫ್ಟಿಗೆ ಫೋನ್ ಒಯ್ಯದಿರುವುದೇ ಜಾಣತನ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಂಡರೆ ಉಳಿದದ್ದೆಲ್ಲ ದಡದಲ್ಲಿ ಇರಬಹುದು.

ಡ್ರೈ ಬ್ಯಾಗನ್ನು ಮೈಗೆ ಕಟ್ಟಿಕೊಳ್ಳುವುದು ಮಾತ್ರ ಬೇಡವೇ ಬೇಡ. ಹೆಗಲಿಗೆ ಅಡ್ಡಲಾಗಿ ಹಾಕಿಕೊಳ್ಳುವ ಪಟ್ಟಿ ದಡದಲ್ಲಿ ನಡೆಯಲಿಕ್ಕೆ. ದೋಣಿ ಹತ್ತಿದ ಕೂಡಲೇ ಅದನ್ನು ತೆಗೆದಿಡಬೇಕು. ಲೈಫ್ ಜಾಕೆಟ್ ಮೇಲೆ ಚೀಲದ ಪಟ್ಟಿ ಬಿಗಿದಿದ್ದರೆ ಎರಡನ್ನೂ ಬಿಚ್ಚುವುದು ಕಷ್ಟ, ಈಜಲು ಕೈ ಆಡುವುದಿಲ್ಲ.

ಕೆಲವರು ಗಾಳಿ ತುಂಬಿದ ಡ್ರೈ ಬ್ಯಾಗನ್ನೇ ತೋರಿಸಿ, ಬಿದ್ದರೆ ಇದನ್ನು ಹಿಡಿದುಕೊಂಡರಾಯಿತು ಅಂತಾರೆ. ಚೀಲ ತೇಲ್ತದೆ ನಿಜ. ಆದರೆ ಪ್ರಜ್ಞೆ ತಪ್ಪಿದವರ ತಲೆಯನ್ನು ಅದು ನೀರಿನ ಮೇಲೆ ಎತ್ತಿ ಹಿಡಿಯುವುದಿಲ್ಲ, ಕೈ ಸೋತರೆ ಜಾರಿ ಹೋಗ್ತದೆ. ಈ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಮಂದಿ ತೀರಿಕೊಂಡರು, ಅದರಲ್ಲಿ ಮಕ್ಕಳೂ ಇದ್ದರು. ದೋಣಿ ಹತ್ತುವಾಗ ಸಾಮಾನಿಗೆ ಚೀಲ ಇದೆಯೇ ಅಂತ ನೋಡುವ ಮೊದಲು ಮನೆಯ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ, ಅದರ ಬಕಲ್ ಹಾಕಿದೆಯೇ ಅಂತ ನೋಡಬೇಕು. ಜಾಕೆಟ್ ಕಡಿಮೆ ಇದ್ದು ಜನ ಹೆಚ್ಚಿದ್ದರೆ ಮುಂದಿನ ದೋಣಿಗೆ ಕಾಯುವುದೇ ಸರಿ.

ಚೀಲ ಇಲ್ಲದಿದ್ದರೆ?

ತಾರಿ ದಾಟುವ ಎಲ್ಲರೂ ಡ್ರೈ ಬ್ಯಾಗ್ ಕೊಳ್ಳಬೇಕು ಅಂತೇನೂ ಇಲ್ಲ. ಮೀನುಗಾರರು ಇದಿಲ್ಲದೆಯೇ ಬೀಡಿ, ಬೆಂಕಿಪೊಟ್ಟಣ ಒಣಗಿಸಿ ಇಟ್ಟುಕೊಂಡವರು. ಬಿಗಿ ತಿರುಪಿನ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ಈಗಲೂ ಒಳ್ಳೆಯದೇ, ಪಾಸ್‌ಬುಕ್ಕು ಹಿಡಿಸುವಷ್ಟು ಅಗಲ ಬಾಯಿ ಇದ್ದರಾಯಿತು. ಹೆಚ್ಚು ಸಾಮಾನಿಗೆ ರಿಂಗ್ ಮುಚ್ಚಳದ ನೀಲಿ ಡ್ರಮ್ಮಿನಷ್ಟು ಗಟ್ಟಿ ಯಾವುದೂ ಇಲ್ಲ.

ಅದೂ ಇಲ್ಲದಿದ್ದರೆ ಗೊಬ್ಬರದ ಚೀಲದೊಳಗೆ ಬರುವಂಥ ದಪ್ಪ ಪ್ಲಾಸ್ಟಿಕ್ ಕೊಟ್ಟೆ ನಡೀತದೆ, ಔಷಧಿ, ತಿನ್ನುವ ವಸ್ತು ಇಡುವುದಾದರೆ ಮಾತ್ರ ಹೊಸದೇ ಬೇಕು. ಗುಟ್ಟು ಇರುವುದು ಕಟ್ಟುವುದರಲ್ಲಿ. ಬಾಯಿಗೆ ಸುಮ್ಮನೆ ಗಂಟು ಹಾಕಿದರೆ ಸುಕ್ಕುಗಳ ನಡುವೆ ನೀರು ಹೋಗ್ತದೆ. ಬದಲಿಗೆ ಬಾಯಿಯನ್ನು ಒಟ್ಟು ಹಿಡಿದು ಹಗ್ಗದ ಹಾಗೆ ಗಟ್ಟಿಯಾಗಿ ತಿರುಚಿ. ತಿರುಚಿದ್ದನ್ನು ಕೊಕ್ಕರೆಯ ಕುತ್ತಿಗೆಯಂತೆ ಕೆಳಗೆ ಬಗ್ಗಿಸಿ. ಬಗ್ಗಿಸಿದ ಎರಡು ಎಳೆಯನ್ನೂ ಸೇರಿಸಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಳೆದು ಎಳೆದು ಸುತ್ತಿ ಕಟ್ಟಿ. ರಬ್ಬರ್ ಎಳೆತಕ್ಕೆ ಬಿಗಿಯುತ್ತಲೇ ಇರ್ತದೆ, ಸುತಳಿಯಂತೆ ಸಡಿಲಾಗುವುದಿಲ್ಲ. ಇದನ್ನು ಒಂದು ಪ್ಲಾಸ್ಟಿಕ್ ಗೋಣಿಯೊಳಗೆ ಇಟ್ಟರೆ ತೂತಾಗುವುದೂ ತಪ್ತದೆ. ಖರ್ಚು ಚಹಾದ ದುಡ್ಡೂ ಇಲ್ಲ. ಒಂದೇ ತೊಂದರೆ, ಬಿಚ್ಚಲು ಹೊತ್ತು ಬೇಕು.

ಮಾರುವವರಿಗೆ

ಅಂಗಡಿಯವರು ಡ್ರೈ ಬ್ಯಾಗ್ ತರಿಸುವಾಗ ಬೆಲೆಗಿಂತ ಮೊದಲು ಮೂರು ಜಾಗ ನೋಡಬೇಕು. ತಳದ ದುಂಡು ತುಂಡು ಬದಿಗೆ ಸೇರುವ ಅಂಚು, ಉದ್ದದ ಬೆಸುಗೆ, ಕ್ಲಿಪ್ಪಿನ ಪಟ್ಟಿ ಕೂರಿಸಿದ ಜಾಗ. ಅಲ್ಲಿ ಹೊಲಿಗೆ ಕಂಡು ಮೇಲೆ ಟೇಪ್ ಇಲ್ಲದಿದ್ದರೆ ಅದು ಡ್ರೈ ಬ್ಯಾಗಿನ ಆಕಾರದ ಮಾಮೂಲಿ ಚೀಲ. ‘ವಾಟರ್ ರೆಸಿಸ್ಟೆಂಟ್’ ಅಂತ ಬರೆದಿದ್ದರೆ ನೀರು ತಾಗಿದರೆ ಸ್ವಲ್ಪ ಹೊತ್ತು ತಡೆಯುತ್ತದೆ ಅಂತ ಮಾತ್ರ. ತಾರಿಗೆ, ಬೈಕಿಗೆ 10 ಲೀಟರ್ ಸಾಕು. ಸಂಸಾರ ಸಮೇತ ಹೋಗುವವರು 20 ಲೀಟರ್ ಕೇಳ್ತಾರೆ. ಬಂಡೆ, ಧಕ್ಕೆಯ ಮೇಲೆ ಎಳೆದಾಡುವ ಕೆಲಸಕ್ಕೆ ದಪ್ಪ ಪಿವಿಸಿ, ದೊಡ್ಡ ಬ್ಯಾಗಿನೊಳಗೆ ಇಡಲು ತೆಳು ನೈಲಾನ್.

ಮಾರುವಾಗ ಒಂದು ಸಲ ಗಿರಾಕಿಯ ಎದುರೇ ಮೂರು ಸುತ್ತು ಸುತ್ತಿ ತೋರಿಸಿ. ‘ಸೋರ್ತದೆ, ವಾಪಸ್ ತಗೊಳ್ಳಿ’ ಅಂತ ಬರುವ ಜಗಳದಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಆದರೂ ಫೋನ್ ಒದ್ದೆಯಾದರೆ

ಮೊದಲ ಕೆಲಸ ಸ್ವಿಚ್ ಆಫ್. ಆನ್ ಆಗ್ತದೋ ನೋಡುವ, ಚಾರ್ಜಿಗೆ ಹಾಕಿ ನೋಡುವ ಅಂತ ಆಟ ಬೇಡ. ನೀರಿರುವಾಗ ಕರೆಂಟ್ ಹರಿದರೆ ಉಳಿಯಬಹುದಾದ ಫೋನೂ ಹೋಗ್ತದೆ. ಸಿಮ್ ತೆಗೆದು ಒರೆಸಿ ಇಡಿ, ಬೇರೆ ಫೋನಿಗೆ ಹಾಕಿದರೆ ಒಟಿಪಿ ಆದರೂ ಬರ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಹಳೆಯ ಉಪಾಯದಿಂದ ಲಾಭ ಇಲ್ಲ, ಅಕ್ಕಿಯ ಪುಡಿ ಚಾರ್ಜಿಂಗ್ ತೂತಿನಲ್ಲಿ ಸೇರಿ ಇನ್ನೊಂದು ತೊಂದರೆ. ಫೋನ್ ತಯಾರಿಸುವ ಕಂಪನಿಗಳೇ ಇದನ್ನು ಬೇಡ ಅಂತ ಹೇಳಿವೆ. ಉಪ್ಪುನೀರಾಗಿದ್ದರೆ ಕಾಯಬೇಡಿ, ಅದೇ ದಿನ ರಿಪೇರಿಯವರಲ್ಲಿ ಬಿಚ್ಚಿಸಿ ಒಳಗಿನ ಉಪ್ಪು ತೊಳೆಸಬೇಕು. ಒದ್ದೆಯಾದ ಪವರ್ ಬ್ಯಾಂಕನ್ನು ಮತ್ತೆ ಬಳಸದಿರುವುದೇ ಒಳ್ಳೆಯದು. ಉಬ್ಬಿದ್ದರೆ, ಬಿಸಿಯಾಗುತ್ತಿದ್ದರೆ ಮನೆಯೊಳಗೆ ಇಡಬೇಡಿ.

ಕಾಗದ ಪತ್ರ ನೆನೆದಿದ್ದರೆ ಒಂದಕ್ಕೊಂದು ಅಂಟಿದ್ದನ್ನು ಎಳೆಯಬೇಡಿ. ಫ್ಯಾನಿನ ಗಾಳಿಗೆ ಇಟ್ಟು ಅಂಚು ತಾನೇ ಬಿಡುವ ತನಕ ಕಾಯಿರಿ. ಬಿಸಿಲಿಗೆ ಹಾಕಿದರೆ ಕಾಗದ ಸೊಟ್ಟಗಾಗ್ತದೆ, ಶಾಯಿ ಮಾಸ್ತದೆ.

ಮನೆಗೆ ಬಂದ ಮೇಲೆ

ಸಮುದ್ರಕ್ಕೆ ಹೋಗಿ ಬಂದ ಚೀಲವನ್ನು ಒಳಗೂ ಹೊರಗೂ ಬಾವಿ ನೀರಿನಲ್ಲಿ ತೊಳೆಯಬೇಕು. ಕ್ಲಿಪ್ಪಿನ ಸಂದಿನಲ್ಲಿ ಉಪ್ಪು, ಮರಳು ಕೂತರೆ ಮುಂದಿನ ಸಲ ಅದು ಅರ್ಧಕ್ಕೇ ನಿಲ್ತದೆ. ಸೋಪಿನ ಪುಡಿ, ಬ್ರಶ್ಶು ಬೇಡ. ಬಾಯಿ ಪೂರ್ತಿ ತೆರೆದು, ತಲೆಕೆಳಗಾಗಿ ನೆರಳಿನಲ್ಲಿ ತೂಗುಹಾಕಿ. ಒಳಗೆ ಒದ್ದೆ ಇದ್ದಾಗಲೇ ಸುತ್ತಿ ಇಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿದು ವಾಸನೆ ಬರ್ತದೆ.

ತೂತಾದರೆ ರೆಕ್ಸಿನ್ ಅಂಗಡಿಗೆ ಒಯ್ದು ಹೊಲಿಸಬೇಡಿ, ಒಂದು ತೂತು ಮುಚ್ಚಲು ಹೋಗಿ ಇಪ್ಪತ್ತು ತೂತಾಗ್ತದೆ. ಪಿವಿಸಿ ಚೀಲಕ್ಕೆ ಅದೇ ಬಗೆಯ ತುಂಡನ್ನು ಪಿವಿಸಿ ಗಮ್‌ನಿಂದ ಒಳಗಿನಿಂದ ಅಂಟಿಸಿ, ಮೇಲೆ ಭಾರ ಹೇರಿ ಒಂದು ದಿನ ಬಿಡಬೇಕು. ಆಮೇಲೆ ಮತ್ತೆ ಬಾಲ್ದಿ ಪರೀಕ್ಷೆ. ಮಳೆಗಾಲ ಪೂರ್ತಿ ಬಳಸದಿದ್ದರೆ ಮಡಿಸಿ ಅಟ್ಟಕ್ಕೆ ಎಸೆಯಬೇಡಿ. ಮಡಿಸಿದ ಗೆರೆಯಲ್ಲಿ ಲೇಪನ ಬಿರುಕು ಬಿಡ್ತದೆ, ಒಳಗೆ ತಿಂಡಿಯ ವಾಸನೆ ಇದ್ದರಂತೂ ಇಲಿ ಬಿಡುವುದಿಲ್ಲ. ಸಡಿಲಾಗಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದರೆ ಸಾಕು.